ಮಣ್ಣಿನ ಜೀವಿಗಳನ್ನು ಗುರುತಿಸಲು ಎಲ್ಲರ ಪಟ್ಟಿ

ಮಣ್ಣು ಪರೀಕ್ಷೆ ಮಾಡಿಸಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆಯೆಂದು ತಿಳಿಯುವುದು ಬೆಳೆಗಾರ ಬಾಂಧವರಿಗೆ ಹೊಸದಲ್ಲ. ಈಚೆಗೆ ಮಣ್ಣಿನ ಸೂಕ್ಷ್ಮಜೀವಿಗಳ ಪರೀಕ್ಷೆಯ ಮಾತೂ ಕೇಳಿಬರುತ್ತಿದೆ. ಇದಕ್ಕೆ ಮೆಟಾಜೀನೋಮ್ ಪರೀಕ್ಷೆಯೆಂದು ಹೆಸರು. ಇದರ ವರದಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಹಣ ಕೊಡುವ ಮೊದಲೇ ನಾವು ಅರಿತಿರುವುದು ಒಳ್ಳೆಯದು.

ಮಣ್ಣಿನ ಬಹುಪಾಲು ಸೂಕ್ಷ್ಮಜೀವಿಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಕಷ್ಟ. ಆದ್ದರಿಂದ ಮಣ್ಣಿನಲ್ಲಿರುವ ಎಲ್ಲ ಜೀವಿಗಳ ಡಿ.ಎನ್.ಎ.ಯನ್ನು ಒಟ್ಟಾಗಿ ತೆಗೆದು ಯಂತ್ರದಿಂದ ಓದಿಸುತ್ತಾರೆ. ಸಿಗುವುದು ನಾಲ್ಕೇ ಅಕ್ಷರಗಳ ತುಂಡು ಸಾಲುಗಳು. ಮೂರು ಮೂರು ಅಕ್ಷರಗಳು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. 20 ಬಗೆಯ ಈ ಆಮ್ಲಗಳನ್ನು ಪೋಣಿಸಿದರೆ ಪ್ರೋಟೀನು. ಜೀವಿಯ ಕೆಲಸಗಳನ್ನು ಬಹುಮಟ್ಟಿಗೆ ನಡೆಸುವುದು ಪ್ರೋಟೀನೇ. ಆದುದರಿಂದ ತುಂಡು ಸಾಲುಗಳನ್ನು ಪ್ರೋಟೀನಿನ ಭಾಷೆಗೆ ತಿರುಗಿಸಿ, ಈಗಾಗಲೇ ತಿಳಿದಿರುವ ಪ್ರೋಟೀನುಗಳ ಪಟ್ಟಿಯೊಡನೆ ಹೋಲಿಸುತ್ತಾರೆ.

ಡಿ.ಎನ್.ಎ.ಯನ್ನೇ ಏಕೆ ಹೋಲಿಸಬಾರದು? ಇಂಡಿ ತಾಲೂಕಿನ ಲಚ್ಯಾಣದ ಕಡೆ 'ಬರ್ರಿ' ಎಂದರೆ ಮಲೆನಾಡಿನಲ್ಲಿ 'ಬನ್ನಿ' ಎನ್ನುತ್ತೇವೆ. ಅಕ್ಷರ ಬೇರೆ, ಅರ್ಥ ಒಂದೇ. ಹಾಗೆಯೇ ಒಂದೇ ಅಮೈನೋ ಆಮ್ಲವನ್ನು ಹಲವು ಬಗೆಯ ಮೂರಕ್ಷರಗಳಲ್ಲಿ ಬರೆಯಬಹುದು. ದೂರದ ನಂಟಿನ ಜೀವಿಗಳ ಹೋಲಿಕೆ ಪ್ರೋಟೀನಿನಲ್ಲಿ ಹೆಚ್ಚು ಸ್ಪಷ್ಟ.

ಈ ಪಟ್ಟಿ ಯಾರೊಬ್ಬರ ಸ್ವತ್ತಲ್ಲ. 1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಮತ್ತು ಸಂಗಡಿಗರು 65 ಪ್ರೋಟೀನುಗಳ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. 1986ರಲ್ಲಿ ಸ್ವಿಸ್-ಪ್ರಾಟ್ ಬಂತು. 2002ರಲ್ಲಿ ಇಂತಹ ಸಂಗ್ರಹಗಳು ಕೂಡಿ ಯೂನಿಪ್ರಾಟ್ ಆಯಿತು. ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಮ್ಮ ದೇಶದಲ್ಲಿಯೂ ಇಂತಹ ಜೈವಿಕ ಮಾಹಿತಿಯನ್ನು ಕಾಪಿಡಲು 2022ರಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಯಿತು.

ಇದರಿಂದ ನಮಗೇನು ಲಾಭ? ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರ ಕಾರಣ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿದ್ದರು. ಇಂಡಿ ತಾಲೂಕು ನಿಂಬೆಗೆ ಹೆಸರಾದುದು. ನಿಂಬೆಯ ಕಾಂಡದಿಂದ ಅಂಟು ಸೋರುವ ರೋಗವನ್ನು ತರುವುದೂ ಅದೇ ಕುಲದ ಜೀವಿಗಳೇ. ಲಚ್ಯಾಣದ ಕಡೆಯ ಮಣ್ಣನ್ನು ಓದಿ ಪಟ್ಟಿಗೆ ಸೇರಿಸಿದರೆ ಅದು ಅಡಿಕೆ ತೋಟದವರಿಗೂ ನೆರವಾದೀತು. ನಮ್ಮ ಮಣ್ಣುಗಳು ಪಟ್ಟಿಯಲ್ಲಿ ಇಲ್ಲದಿದ್ದರೆ, ವರದಿಯಲ್ಲಿ 'ಗುರುತು ಸಿಗಲಿಲ್ಲ' ಎಂಬ ಸಾಲುಗಳೇ ಹೆಚ್ಚು.

ಆದರೆ ಎಚ್ಚರವಿರಲಿ. ಹೋಲಿಕೆ ಕಂಡ ಮಾತ್ರಕ್ಕೆ ಅದು ಸಾಕ್ಷಿಯಲ್ಲ. ಪಟ್ಟಿಯಲ್ಲಿನ ಬಹುಪಾಲು ಹೆಸರುಗಳನ್ನು ಕಂಪ್ಯೂಟರೇ ಹೋಲಿಕೆಯಿಂದ ಇಟ್ಟಿದೆ. ಒಂದು ತಪ್ಪು ಹತ್ತು ಕಡೆ ಹರಡಬಹುದು. ಸತ್ತ ಜೀವಿಯ ಡಿ.ಎನ್.ಎ.ಯೂ ಮಣ್ಣಿನಲ್ಲಿ ಉಳಿದಿರುತ್ತದೆ. ಸಾರಜನಕ ಹಿಡಿಯುವ ಪ್ರೋಟೀನಿನ ಸುಳಿವು ಸಿಕ್ಕಿತೆಂದು ಗೊಬ್ಬರ ನಿಲ್ಲಿಸುವುದಾಗಲಿ, ರೋಗದ ಸುಳಿವು ಸಿಗಲಿಲ್ಲವೆಂದು ಬೋರ್ಡೋ ದ್ರಾವಣದ ಸಿಂಪರಣೆ ಬಿಡುವುದಾಗಲಿ ಸಲ್ಲದು.

ಮಾದರಿ ಕೊಡುವಾಗ ಮೂರು ಪ್ರಶ್ನೆ ಕೇಳೋಣ: ಯಾವ ಪಟ್ಟಿಯೊಡನೆ ಹೋಲಿಸುವಿರಿ? ಅದು ಯಾವ ವರ್ಷದ್ದು? ಫಲಿತಾಂಶವನ್ನು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸುವಿರಾ? ಒಂದೇ ಪಟ್ಟಿಯಲ್ಲಿ ನೋಡಿದರೆ ಮಾತ್ರ ಈ ವರ್ಷದ ವರದಿಯನ್ನು ಮುಂದಿನ ವರ್ಷದ ವರದಿಯೊಡನೆ ತೂಗಿ ನೋಡಲು ಸಾಧ್ಯ.