ಕಾಣದ ಇಲಿಗಳ ಲೆಕ್ಕ

1914ರಲ್ಲಿ ತೆರೆದ ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟೂನ್ ಜಲಾಶಯ ತುಂಬಿ, ಗುಡ್ಡಗಳ ನೆತ್ತಿಗಳು ದ್ವೀಪಗಳಾದವು. ಆ ದ್ವೀಪಗಳ ಕಾಡಿನಲ್ಲಿ ಒಂದು ಮುಳ್ಳಿಲಿ ಇದೆ. ಬೆನ್ನ ಮೇಲೆ ಬಿರುಸು ಕೂದಲು, ಹಣ್ಣು ಬೀಜಗಳ ಊಟ, ರಾತ್ರಿಯ ಸಂಚಾರ. ಹಗಲೆಲ್ಲ ಅಲೆದರೂ ಒಂದೂ ಕಣ್ಣಿಗೆ ಬೀಳದಿರಬಹುದು. ಅಂಥದ್ದನ್ನು ಎಣಿಸುವುದು ಹೇಗೆ?

ಮೊದಲು ನೆಲವನ್ನು ಚೌಕುಳಿಯಾಗಿ ಅಳೆದು, ಗೆರೆಗಳು ಕೂಡುವ ಕಡೆಯಲ್ಲೆಲ್ಲ ಒಂದೊಂದು ಬೋನು ಇಡುತ್ತಾರೆ. ಜೀವಂತ ಹಿಡಿಯುವ ತಂತಿಬೋನು. ಒಳಗೆ ಬಾಳೆಹಣ್ಣಿನ ಚೂರು. ಬೋನು ಅಲುಗಾಡದಂತೆ ಕೂರಬೇಕು, ಇಲ್ಲದಿದ್ದರೆ ಇಲಿ ಬೆದರಿ ಹಿಂದೆ ಸರಿಯುತ್ತದೆ. ಬೆಳಗಾದ ಕೂಡಲೇ ನೋಡಬೇಕು. ತಡವಾದರೆ ಬಿಸಿಲೋ ಇರುವೆಗಳೋ ಒಳಗಿನ ಜೀವವನ್ನು ಕಾಡುತ್ತವೆ.

ನಿಜವಾದ ಕೈಚಳಕ ಇರುವುದು ಮುಂದೆ. ಬೋನಿನ ಬಾಯಿಗೆ ಬಟ್ಟೆಚೀಲ ಹಿಡಿದು ಇಲಿಯನ್ನು ಅದರೊಳಕ್ಕೆ ಇಳಿಸಿಕೊಳ್ಳುತ್ತಾರೆ. ಬಾಲಕ್ಕೆ ಕೈಹಾಕುವಂತಿಲ್ಲ: ಹಲ್ಲಿಯ ಬಾಲದಂತೆ ಅದು ಕಳಚಿಬರುತ್ತದೆ, ಆದರೆ ಮತ್ತೆ ಬೆಳೆಯುವುದಿಲ್ಲ. ಚೀಲದ ಸಮೇತ ತೂಗಿ ಚೀಲದ ತೂಕ ಕಳೆಯುತ್ತಾರೆ. ಗಂಡೋ ಹೆಣ್ಣೋ, ಬಸಿರೋ, ಹಾಲೂಡುವ ತಾಯಿಯೋ ಎಂದು ನೋಡಿ ಬರೆದುಕೊಳ್ಳುತ್ತಾರೆ. ದನಗಳಿಗೆ ಹಾಕುವ ಕಿವಿಯೋಲೆಯಂಥದ್ದೇ, ಆದರೆ ತೀರ ಪುಟ್ಟದಾದ, ಸಂಖ್ಯೆ ಕೊರೆದ ಲೋಹದ ಬಿಲ್ಲೆಯನ್ನು ಕಿವಿಗೆ ಚುಚ್ಚಿ, ಹಿಡಿದ ಜಾಗದಲ್ಲೇ ಬಿಡುತ್ತಾರೆ.

ಕೆಲವು ದಿನ ಬಿಟ್ಟು ಮತ್ತೆ ಬೋನು. ಮೊದಲ ಸಲ 40 ಇಲಿಗಳಿಗೆ ಬಿಲ್ಲೆ ಹಾಕಿದ್ದರು ಎನ್ನೋಣ. ಎರಡನೆಯ ಸಲ 50 ಸಿಕ್ಕು, ಅವುಗಳಲ್ಲಿ 20ರ ಕಿವಿಯಲ್ಲಿ ಬಿಲ್ಲೆ ಇದ್ದರೆ, ಬಿಲ್ಲೆಯವು ಐದರಲ್ಲಿ ಎರಡು ಪಾಲು ಎಂದಾಯಿತು. ಆಗ ಅಲ್ಲಿರುವುದು ಸುಮಾರು 100 ಇಲಿ. ಮೀನುಗಳಿಗೆ ಗುರುತು ಹಾಕಿ ಅಧ್ಯಯನ ಮಾಡಿದ ಡೆನ್ಮಾರ್ಕಿನ ಪೀಟರ್ಸನ್ ಹೆಸರು ಈ ಲೆಕ್ಕಕ್ಕೆ ಅಂಟಿಕೊಂಡಿದೆ. ಗುಣಾಕಾರ ಭಾಗಾಕಾರ ಬಲ್ಲ ಮಗುವೂ ಮಾಡಬಹುದಾದ ಲೆಕ್ಕ ಇದು. ಅದನ್ನು ನಂಬುವಂತೆ ಮಾಡುವುದೇ ಕಷ್ಟ. ಬಾಳೆಹಣ್ಣಿನ ರುಚಿ ಹತ್ತಿದ ಇಲಿ ದಿನಾ ಬೋನಿಗೆ ಬಂದರೆ ಲೆಕ್ಕ ಇಳಿಯುತ್ತದೆ. ಒಮ್ಮೆ ಹೆದರಿದ್ದು ಮತ್ತೆ ಬಾರದಿದ್ದರೆ, ಇಲ್ಲವೇ ಬಿಲ್ಲೆ ಉದುರಿದರೆ ಏರುತ್ತದೆ. ಆದ್ದರಿಂದಲೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೇ ಗೆರೆಗಳಲ್ಲಿ ನಡೆಯಬೇಕು.

ಸಂಶೋಧಕ ಗ್ರೆಗರಿ ಆಡ್ಲರ್ ಈ ದ್ವೀಪಗಳಲ್ಲಿ ಹೀಗೆಯೇ ಮುಳ್ಳಿಲಿಗಳನ್ನು ಎಣಿಸಿದರು. ಸುತ್ತ ನೀರಿರುವುದರಿಂದ ಇಲಿಗಳು ಸುಲಭವಾಗಿ ವಲಸೆ ಹೋಗಲಾರವು. ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕೆಲವು ದ್ವೀಪಗಳಿಗೆ ಕಾಡಿನ ಹಣ್ಣುಗಳನ್ನು ಹೆಚ್ಚುವರಿಯಾಗಿ ಒಯ್ದು ಹಾಕಿ, ಉಳಿದವನ್ನು ಹಾಗೆಯೇ ಬಿಟ್ಟರು. ಹಣ್ಣು ಹಾಕಿದ ದ್ವೀಪಗಳಲ್ಲಿ ಇಲಿಗಳ ಸಂಖ್ಯೆ ಏರಿತು.