ನೇಕೆಡ್ ಬೈಕ್ ಕೊಳ್ಳುವ ಮುನ್ನ ಪಿಎಸ್ ಒಂದನ್ನೇ ನೋಡಿದರೆ ಸಾಲದು

ಹೊಸೂರು: ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ನಮ್ಮ ಹೊಸೂರಿನಿಂದ. ಅದೇ ಕಂಪನಿ 2023ರಲ್ಲಿ ಅಪಾಚೆ ಆರ್‌ಟಿಆರ್ 310 ಎಂಬ ಬೈಕನ್ನು ಹೊರತಂದಿತು. ಅಂದು ಹಾಲಿನ ಕ್ಯಾನು ಹೊರುವ ಗಾಡಿ ಬಯಸುತ್ತಿದ್ದ ಹಳ್ಳಿಗಳಲ್ಲಿ ಇಂದು ಹುಡುಗರು ಕೇಳುತ್ತಿರುವುದು ಇಂಥ 'ನೇಕೆಡ್' ಬೈಕುಗಳನ್ನು. ಎರಡರಿಂದ ಮೂರು ಲಕ್ಷ ರೂಪಾಯಿಯ ಮಾತಿದು. ಬಹುತೇಕ ಮನೆಗಳಲ್ಲಿ ಸಾಲವೇ ಗತಿ. ಆದ್ದರಿಂದ ಹೋಲಿಸಿ ನೋಡುವುದು ಹೇಗೆಂದು ಹುಡುಗರಷ್ಟೇ ಅಲ್ಲ, ಸಾಲಕ್ಕೆ ಸಹಿ ಹಾಕುವ ಅಪ್ಪಂದಿರೂ ತಿಳಿದಿರುವುದು ಒಳ್ಳೆಯದು.

ನೇಕೆಡ್ ಎಂದರೆ ಮುಂಭಾಗದಲ್ಲಿ ಗಾಳಿ ತಡೆಯುವ ಹೊದಿಕೆ ಇಲ್ಲದ ಬೈಕ್. ಎಂಜಿನ್, ಚಾಸಿ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಹ್ಯಾಂಡಲ್ ಅಗಲವಾಗಿ, ಎತ್ತರದಲ್ಲಿ ಇರುವುದರಿಂದ ಬೆನ್ನು ಹೆಚ್ಚು ಬಗ್ಗಿಸಬೇಕಿಲ್ಲ. ಪೇಟೆಯಲ್ಲೂ ತಿರುವಿನಲ್ಲೂ ತಿರುಗಿಸುವುದು ಸುಲಭ. ಆದರೆ ಕೃಷ್ಣಗಿರಿ ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಗಾಳಿ ನೇರ ಎದೆಗೇ ಬಡಿಯುತ್ತದೆ. ದೂರ ಪ್ರಯಾಣದಲ್ಲಿ ದಣಿವು ಖಂಡಿತ.

ಈ ವರ್ಗದಲ್ಲಿ ಅಳತೆಗೋಲಾಗಿರುವುದು ಕೆಟಿಎಂ 390 ಡ್ಯೂಕ್. ಭಾರತಕ್ಕೆ 2013ರಲ್ಲಿ ಬಂದ ಈ ಬೈಕಿನ ಮೂರನೇ ತಲೆಮಾರು 2023ರಲ್ಲಿ ಬಂತು. ಬಿಡುಗಡೆಯ ಹೊತ್ತಿನ ಅಂಕಿಗಳು ಹೀಗಿದ್ದವು:

390 ಡ್ಯೂಕ್ (2023): 399 ಸಿಸಿ, 46 ಪಿಎಸ್, 39 ನ್ಯೂಟನ್ ಮೀಟರ್ ಟಾರ್ಕ್, ಸುಮಾರು 168 ಕೆಜಿ, 15 ಲೀಟರ್ ಟ್ಯಾಂಕ್.
ಅಪಾಚೆ ಆರ್‌ಟಿಆರ್ 310 (2023): 312 ಸಿಸಿ, 35.6 ಪಿಎಸ್, 28.7 ನ್ಯೂಟನ್ ಮೀಟರ್, 169 ಕೆಜಿ, 11 ಲೀಟರ್.
ಟ್ರಯಂಫ್ ಸ್ಪೀಡ್ 400 (2023): 398 ಸಿಸಿ, 40 ಪಿಎಸ್, 37.5 ನ್ಯೂಟನ್ ಮೀಟರ್, 176 ಕೆಜಿ, 13 ಲೀಟರ್.
ಪಲ್ಸರ್ ಎನ್ಎಸ್400ಝಡ್ (2024): 373 ಸಿಸಿ, 40 ಪಿಎಸ್, 35 ನ್ಯೂಟನ್ ಮೀಟರ್, 174 ಕೆಜಿ, 12 ಲೀಟರ್.

ಅಂಗಡಿಯವರು ಮೊದಲು ಹೇಳುವುದು ಪಿಎಸ್. ಅದನ್ನು ತೂಕದಿಂದ ಭಾಗಿಸಿದಾಗಲೇ ಬೈಕಿನ ನಿಜವಾದ ಚುರುಕು ತಿಳಿಯುವುದು. ಒಂದು ಟನ್ ತೂಕದ ಲೆಕ್ಕದಲ್ಲಿ ಡ್ಯೂಕ್‌ಗೆ ಸುಮಾರು 274 ಪಿಎಸ್, ಎನ್ಎಸ್400ಝಡ್‌ಗೆ 230, ಸ್ಪೀಡ್‌ಗೆ 227, ಆರ್‌ಟಿಆರ್‌ಗೆ 211. ಸುಮಾರು 8 ಪಿಎಸ್ ಶಕ್ತಿ, 112 ಕೆಜಿ ತೂಕದ ಸ್ಪ್ಲೆಂಡರ್‌ಗೆ ಇದೇ ಲೆಕ್ಕದಲ್ಲಿ ಬರುವುದು 71. ಅಂದರೆ ಸ್ಪ್ಲೆಂಡರ್‌ನಿಂದ ಇಳಿದು ಡ್ಯೂಕ್ ಏರುವ ಹುಡುಗನ ಕೈಗೆ ಒಂದೇ ದಿನದಲ್ಲಿ ಸುಮಾರು ನಾಲ್ಕು ಪಟ್ಟು ಚುರುಕು ಸಿಗುತ್ತದೆ. ಅದನ್ನು ಹಿಡಿತದಲ್ಲಿಡುವ ಅಭ್ಯಾಸ ಒಂದೇ ದಿನದಲ್ಲಿ ಬರುವುದಿಲ್ಲ.

ಎರಡನೆಯದು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ತಾಳವಾಡಿ ಕಡೆಯವರಿಗೆ ದಿಂಬಂ ಘಾಟಿಯ 27 ತಿರುವುಗಳು ಗೊತ್ತೇ ಇವೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅಲ್ಲಿ ಏರುವಾಗ ಗರಿಷ್ಠ ಪಿಎಸ್ ಉಪಯೋಗಕ್ಕೆ ಬರುವುದೇ ಇಲ್ಲ; ಬೇಕಾಗುವುದು ಕಡಿಮೆ ವೇಗದ ಎಳೆತ. ಸ್ಪೀಡ್ 400 ಈ ವಿಷಯದಲ್ಲಿ ಸೌಮ್ಯ, ಬಲಶಾಲಿ. ಆರ್‌ಟಿಆರ್ ತನ್ನ ಪೂರ್ತಿ ಶಕ್ತಿ ಕೊಡುವುದು 9,700 ಆರ್‌ಪಿಎಂನಲ್ಲಿ. ಆದ್ದರಿಂದ ಏರಿನಲ್ಲಿ ಪದೇ ಪದೇ ಗೇರ್ ಇಳಿಸಬೇಕಾಗುತ್ತದೆ. ಅದೇ ಗುಣ ಕೆಲವರಿಗೆ ಮಜಾ ಎನಿಸುವುದೂ ಉಂಟು.

ಮೂರನೆಯದು ಮೈಗೆ ಒಗ್ಗುವುದು. ಸ್ಪೀಡ್ 400ರ ಸೀಟಿನ ಎತ್ತರ 790 ಮಿಲಿಮೀಟರ್, ಆರ್‌ಟಿಆರ್‌ನದು 800. ಡ್ಯೂಕ್ ಮೇಲೆ ಗಿಡ್ಡನೆಯವರು ಕೂತು ನೋಡಲೇಬೇಕು. ಎರಡೂ ಪಾದ ನೆಲಕ್ಕೆ ಊರದಿದ್ದರೆ ಮಳೆಗಾಲದ ಕೆಸರಿನಲ್ಲಿ ಬೈಕ್ ವಾಲಿದಾಗ ಅಷ್ಟು ತೂಕವನ್ನು ತಡೆಯುವುದು ಕಷ್ಟ. ಡ್ಯೂಕ್‌ನ ಹಿಂಬದಿ ಸೀಟು ಎತ್ತರ, ಕಿರಿದು. ಸೀರೆ ಉಟ್ಟು ಒಂದು ಬದಿಗೆ ಕೂರುವ ತಾಯಿಯನ್ನು ಸಂತೆಗೆ ಕರೆದೊಯ್ಯಲು ಅದು ಹೇಳಿಸಿದ್ದಲ್ಲ. ಅವರನ್ನೂ ಶೋರೂಮಿಗೆ ಕರೆದೊಯ್ದು ಕೂರಿಸಿ ನೋಡಿ.

ನಾಲ್ಕೂ ಬೈಕುಗಳಿಗೆ ಎರಡೂ ಚಕ್ರಕ್ಕೆ ಎಬಿಎಸ್ ಇದೆ. ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ಅದು ತಡೆಯುತ್ತದೆ. ಡ್ಯೂಕ್‌ನಲ್ಲಿ ಹಿಂಚಕ್ರದ ಎಬಿಎಸ್ ಆರಿಸುವ 'ಸೂಪರ್‌ಮೋಟೋ' ಸೌಲಭ್ಯವೂ ಉಂಟು. ಊರ ರಸ್ತೆಯಲ್ಲಿ ಅದನ್ನು ಮುಟ್ಟದಿರುವುದೇ ಕ್ಷೇಮ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದನ್ನು ಮೀರಿದವುಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯಿತು. ತೆರಿಗೆಗೆ ಮುಂಚೆ ಎರಡು ಲಕ್ಷ ಬೆಲೆಯ ಎರಡು ಬೈಕುಗಳಿದ್ದರೆ ಒಂದಕ್ಕೆ 36,000, ಇನ್ನೊಂದಕ್ಕೆ 80,000 ರೂಪಾಯಿ ತೆರಿಗೆ. ಈ ವ್ಯತ್ಯಾಸದಲ್ಲಿ 312 ಸಿಸಿಯ ಆರ್‌ಟಿಆರ್‌ಗೆ ಲಾಭವಾಯಿತು. ಕೆಲವು ಕಂಪನಿಗಳು ಏರಿದ ತೆರಿಗೆಯನ್ನು ಸ್ವಲ್ಪ ಕಾಲ ತಾವೇ ಹೊತ್ತವು. ಹೆಸರು ಅದೇ ಇಟ್ಟು ಎಂಜಿನ್ ಗಾತ್ರ ಬದಲಿಸುವುದೂ ಈ ಉದ್ಯಮದಲ್ಲಿ ಹೊಸದಲ್ಲ. ಹೀಗಾಗಿ ಕೊಟೇಶನ್‌ನಲ್ಲಿ ಸಿಸಿ ಎಷ್ಟು, ವಿಮೆ ಮತ್ತು ರಸ್ತೆ ತೆರಿಗೆ ಸೇರಿ ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ.

ಗಡಿಯವರಿಗೆ ಇನ್ನೊಂದು ಮಾತು. ಆ ಕಡೆ ತೆರಿಗೆ ಕಡಿಮೆ ಎಂದು ನೆಂಟರ ವಿಳಾಸದಲ್ಲಿ ನೋಂದಣಿ ಮಾಡಿಸುವ ಆಸೆ ಬೇಡ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ.

ಸರ್ವಿಸ್ ಎಷ್ಟು ದೂರ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಥ ಬೈಕಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಊರ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಪಡಿಸಲಾರ. ಟಿವಿಎಸ್ ಬೋರ್ಡಿರುವ ಪ್ರತಿ ಅಂಗಡಿಯಲ್ಲೂ 310ರ ಕೆಲಸ ಆಗುತ್ತದೆಂದು ತಿಳಿಯದೆ ಮೊದಲೇ ವಿಚಾರಿಸಿ.

ಹಾಗಾದರೆ ಯಾವುದು ಮೇಲು? ಪಳಗಿದ ಕೈಗೆ, ತಿರುವು ರಸ್ತೆಯ ಖುಷಿಗೆ ಡ್ಯೂಕ್. ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತುವವರಿಗೆ ಸ್ಪೀಡ್ 400. ತೆರಿಗೆ ಉಳಿಸಿಯೂ ಚುರುಕು ಬೇಕೆನ್ನುವವರಿಗೆ ಆರ್‌ಟಿಆರ್. ಬಿಡುಗಡೆಯ ಹೊತ್ತಿನಲ್ಲಿ 1.85 ಲಕ್ಷ ಶೋರೂಂ ಬೆಲೆಯಿದ್ದ ಎನ್ಎಸ್400ಝಡ್ ಹಣ ಎಣಿಸುವವರ ಆಯ್ಕೆ. ಮೊದಲ ಬೈಕೇ ಇದಾಗಿದ್ದರೆ ಮಾತ್ರ ಒಂದೆರಡು ವರ್ಷ 150–160 ಸಿಸಿಯಲ್ಲಿ ಕೈ ಪಳಗಿಸಿ ಬನ್ನಿ. ಅಷ್ಟರಲ್ಲಿ ಉಳಿಸಿದ ಹಣದಿಂದ ಸಾಲದ ಭಾರವೂ ಇಳಿಯುತ್ತದೆ.