ಬ್ರೌಸರ್‌ನಲ್ಲಿ ಮೂಡುವ ವಂಚಕ ಸೂಚನೆಗಳನ್ನು ನಿಲ್ಲಿಸುವ ವಿಧಾನ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಸಾಮಾಜಿಕ ಭದ್ರತಾ ಪಿಂಚಣಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಈಗ ಅಂತರ್ಜಾಲದ ಮೂಲಕವೇ ಅರ್ಜಿ ಸಲ್ಲಿಸಬಹುದಾಗಿದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ತಡಸದಂತಹ ಗ್ರಾಮಗಳಲ್ಲಿ ಇದಕ್ಕಾಗಿ ಮನೆಯ ಗಣಕಯಂತ್ರವನ್ನು ಇಲ್ಲವೇ ಸೇವಾ ಕೇಂದ್ರದ ಗಣಕಯಂತ್ರವನ್ನು ನಾಗರಿಕರು ಬಳಸುತ್ತಾರೆ. ಇಂತಹ ಗಣಕಯಂತ್ರಗಳ ಪರದೆಯ ಮೂಲೆಯಲ್ಲಿ "ನಿಮ್ಮ ಗಣಕಯಂತ್ರಕ್ಕೆ ವೈರಸ್ ತಗುಲಿದೆ", "ನಿಮ್ಮ ಪಾನ್ ಕಾರ್ಡ್ ಸ್ಥಗಿತಗೊಂಡಿದೆ", "ಕಿಸಾನ್ ಸಮ್ಮಾನ್ ಕಂತು ಪಡೆಯಲು ಇಲ್ಲಿ ಒತ್ತಿ" ಎಂಬಂತಹ ಸೂಚನೆಗಳು ಪದೇ ಪದೇ ಕಾಣಿಸಿಕೊಳ್ಳುವುದುಂಟು. ಇವು ಯಾವುದೇ ಸರ್ಕಾರಿ ಕಚೇರಿಯಿಂದ ಬಂದವುಗಳಲ್ಲ. ಇವುಗಳ ಮೂಲ ಹಾಗೂ ಇವುಗಳನ್ನು ನಿಲ್ಲಿಸುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಸೂಚನೆಗಳು ಬರುವುದು ಹೇಗೆ?

ಜಾಲತಾಣವೊಂದು ತನ್ನ ಓದುಗರಿಗೆ ಹೊಸ ಸುದ್ದಿಯನ್ನು ತಲುಪಿಸಲು ಬ್ರೌಸರ್‌ನಲ್ಲಿ ನೋಟಿಫಿಕೇಶನ್ ಎಂಬ ಸೌಲಭ್ಯವಿದೆ. ಇದು ಕ್ರೋಮ್ ಬ್ರೌಸರ್‌ನಲ್ಲಿ 2015ರಲ್ಲಿಯೂ ಫೈರ್‌ಫಾಕ್ಸ್‌ನಲ್ಲಿ 2016ರಲ್ಲಿಯೂ ಜಾರಿಗೆ ಬಂದಿತು. ಬಳಕೆದಾರರು 'ಅಲೋ' ಗುಂಡಿಯನ್ನು ಒತ್ತಿ ಅನುಮತಿ ನೀಡಿದ ಹೊರತು ಯಾವ ಜಾಲತಾಣವೂ ಸೂಚನೆಯನ್ನು ಕಳುಹಿಸಲಾರದು. ಒಮ್ಮೆ ಅನುಮತಿ ದೊರೆತ ಬಳಿಕ, ಆ ಪುಟವನ್ನು ಮುಚ್ಚಿದರೂ ಸೂಚನೆಗಳು ಬರುತ್ತಲೇ ಇರುತ್ತವೆ.

ವಂಚಕರು ಈ ಅನುಮತಿಯನ್ನು ಉಪಾಯದಿಂದ ಪಡೆಯುತ್ತಾರೆ. "ನೀವು ಯಂತ್ರವಲ್ಲ ಎಂದು ದೃಢಪಡಿಸಲು ಅಲೋ ಒತ್ತಿ", "ಅರ್ಜಿ ನಮೂನೆ ಇಳಿಸಿಕೊಳ್ಳಲು ಅಲೋ ಒತ್ತಿ" ಎಂದು ಪುಟದಲ್ಲಿ ಬರೆದಿರುತ್ತಾರೆ. ಸರ್ಕಾರಿ ಜಾಲತಾಣಗಳಲ್ಲಿ ಕ್ಯಾಪ್ಚಾ ಅಕ್ಷರಗಳನ್ನು ತುಂಬಿ ರೂಢಿಯಾಗಿರುವ ಅರ್ಜಿದಾರರಿಗೆ ಇದೂ ಅಂಥದ್ದೇ ಒಂದು ಹಂತವೆಂದು ತೋರುವುದು ಸಹಜ. ಆದರೆ ಕ್ಯಾಪ್ಚಾವನ್ನು ಪುಟದೊಳಗಿನ ಚೌಕದಲ್ಲಿಯೇ ತುಂಬಲಾಗುತ್ತದೆ. ಅದಕ್ಕೂ ವಿಳಾಸ ಪಟ್ಟಿಯ ಬಳಿ ಬ್ರೌಸರ್ ತೋರಿಸುವ 'ಅಲೋ' ಗುಂಡಿಗೂ ಸಂಬಂಧವಿರುವುದಿಲ್ಲ.

ಹಲವರು ಬಳಸುವ ಗಣಕಯಂತ್ರದಲ್ಲಿ ಒಬ್ಬರು ನೀಡಿದ ಅನುಮತಿಯ ಪರಿಣಾಮವನ್ನು ನಂತರ ಬರುವವರೆಲ್ಲರೂ ಅನುಭವಿಸಬೇಕಾಗುತ್ತದೆ. ಬೆಳಿಗ್ಗೆ ಯಾರೋ ಚಲನಚಿತ್ರ ಹುಡುಕುವಾಗ ಒತ್ತಿದ ಗುಂಡಿಯಿಂದಾಗಿ, ಮಧ್ಯಾಹ್ನ ಪಹಣಿಗಾಗಿ ಬಂದ ರೈತರ ಎದುರು ಸುಳ್ಳು ಸೂಚನೆ ಮೂಡುತ್ತದೆ. ಅದೇ ವೇಳೆ ಸರ್ಕಾರಿ ಜಾಲತಾಣ ತೆರೆದಿದ್ದರೆ, ಸೂಚನೆಯೂ ಅಲ್ಲಿಂದಲೇ ಬಂದಿದೆ ಎಂದು ಅವರು ಭಾವಿಸುವ ಸಂಭವವಿರುತ್ತದೆ.

ಅಪಾಯವೇನು?

ಸೂಚನೆಯು ಕೇವಲ ಪರದೆಯ ಮೇಲೆ ಕಂಡ ಮಾತ್ರಕ್ಕೆ ಹಣ ಹೋಗುವುದಿಲ್ಲ. ಅದರ ಮೇಲೆ ಒತ್ತಿ, ತೆರೆದ ಪುಟದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಅಥವಾ ಒಟಿಪಿ ನೀಡಿದಾಗ, ಇಲ್ಲವೇ ಅಲ್ಲಿರುವ "ಸಹಾಯವಾಣಿ"ಗೆ ಕರೆ ಮಾಡಿದಾಗ ಹಾನಿ ಸಂಭವಿಸುತ್ತದೆ. ಕರೆ ಸ್ವೀಕರಿಸಿದವರು ದುರಸ್ತಿಯ ನೆಪದಲ್ಲಿ, ದೂರದಿಂದ ಗಣಕಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವನ್ನು ಅಳವಡಿಸಲು ತಿಳಿಸುತ್ತಾರೆ. ಬಳಿಕ ಬ್ಯಾಂಕ್ ವ್ಯವಹಾರವೂ ಅವರ ಕಣ್ಣಿಗೆ ಬೀಳುತ್ತದೆ. ಸುಳ್ಳು ಭದ್ರತಾ ಎಚ್ಚರಿಕೆಗಳನ್ನು ತೋರಿಸಿ ಹಣ ಕೀಳುವ ಜಾಲಗಳೂ ಸೇರಿದಂತೆ ಸೈಬರ್ ವಂಚನೆಗಳ ವಿರುದ್ಧ ಕೇಂದ್ರೀಯ ತನಿಖಾ ದಳವು 2023ರ ಅಕ್ಟೋಬರ್‌ನಲ್ಲಿ 'ಆಪರೇಷನ್ ಚಕ್ರ-2' ಎಂಬ ಕಾರ್ಯಾಚರಣೆಯಡಿ ದೇಶದ 76 ಸ್ಥಳಗಳಲ್ಲಿ ಶೋಧ ನಡೆಸಿತ್ತು.

ನಿಲ್ಲಿಸುವ ಕ್ರಮ

ಇದಕ್ಕಾಗಿ ಹಣ ಕೊಟ್ಟು ಯಾವುದೇ ತಂತ್ರಾಂಶ ಖರೀದಿಸುವ ಅಗತ್ಯವಿಲ್ಲ. ನೀಡಿದ ಅನುಮತಿಯನ್ನು ಹಿಂಪಡೆದರೆ ಸಾಕು.

1. ಕ್ರೋಮ್: ಬಲಭಾಗದ ಮೇಲ್ತುದಿಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ, 'ಸೆಟ್ಟಿಂಗ್ಸ್', 'ಪ್ರೈವಸಿ ಅಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಶನ್ಸ್' ಎಂಬ ಕ್ರಮದಲ್ಲಿ ಮುಂದುವರಿಯಬೇಕು. ಅನುಮತಿ ಪಡೆದ ಜಾಲತಾಣಗಳ ಪಟ್ಟಿ ಕಾಣುತ್ತದೆ. ಪರಿಚಯವಿಲ್ಲದ ಪ್ರತಿಯೊಂದು ಹೆಸರಿನ ಮುಂದಿರುವ ಚುಕ್ಕೆಗಳನ್ನು ಒತ್ತಿ 'ಬ್ಲಾಕ್' ಆಯ್ಕೆ ಮಾಡಬೇಕು. 'ರಿಮೂವ್' ಮಾಡಿದರೆ ಆ ತಾಣವು ಪುನಃ ಅನುಮತಿ ಕೇಳಬಹುದಾದ್ದರಿಂದ 'ಬ್ಲಾಕ್' ಸೂಕ್ತ.

2. ಫೈರ್‌ಫಾಕ್ಸ್: 'ಸೆಟ್ಟಿಂಗ್ಸ್'ನ 'ಪ್ರೈವಸಿ ಅಂಡ್ ಸೆಕ್ಯುರಿಟಿ' ವಿಭಾಗದಲ್ಲಿ 'ಪರ್ಮಿಶನ್ಸ್' ಎಂಬಲ್ಲಿ 'ನೋಟಿಫಿಕೇಶನ್ಸ್' ಮುಂದಿರುವ ಗುಂಡಿಯನ್ನು ಒತ್ತಬೇಕು. ಅಪರಿಚಿತ ತಾಣಗಳಿಗೆ 'ಬ್ಲಾಕ್' ನಮೂದಿಸಿ ಬದಲಾವಣೆಯನ್ನು ಉಳಿಸಬೇಕು.

3. ಎಡ್ಜ್: 'ಸೆಟ್ಟಿಂಗ್ಸ್' ಪುಟದ ಹುಡುಕು ಚೌಕದಲ್ಲಿ 'ನೋಟಿಫಿಕೇಶನ್ಸ್' ಎಂದು ಇಂಗ್ಲಿಷ್‌ನಲ್ಲಿ ಬೆರಳಚ್ಚಿಸಿದರೆ ಇದೇ ಬಗೆಯ ಪಟ್ಟಿ ದೊರೆಯುತ್ತದೆ. ಆವೃತ್ತಿ ಬದಲಾಗಿ ಮೇಲಿನ ಹೆಸರುಗಳು ಕಾಣದಿದ್ದಲ್ಲಿ ಇತರ ಬ್ರೌಸರ್‌ಗಳಲ್ಲಿಯೂ ಇದೇ ಕ್ರಮ ಅನುಸರಿಸಬಹುದು.

4. ಯಾವ ಜಾಲತಾಣವೂ ಅನುಮತಿಯನ್ನೇ ಕೇಳದಂತೆ ತಡೆಯುವ ಆಯ್ಕೆಯೂ ನೋಟಿಫಿಕೇಶನ್ ಪುಟದಲ್ಲಿದೆ. ಸೇವಾ ಕೇಂದ್ರಗಳ ನಿರ್ವಾಹಕರು ಸಾರ್ವಜನಿಕ ಬಳಕೆಯ ಗಣಕಯಂತ್ರಗಳಲ್ಲಿ ಇದನ್ನು ಆಯ್ಕೆ ಮಾಡುವುದು ಒಳಿತು. ಇದರಿಂದ ಅರ್ಜಿ ಸಲ್ಲಿಕೆಗೆ ಅಡ್ಡಿಯಾಗುವುದಿಲ್ಲ. ಅರ್ಜಿಯ ಸಂಖ್ಯೆಯನ್ನು ನಮೂದಿಸಿ ಆಯಾ ಸರ್ಕಾರಿ ಜಾಲತಾಣದಲ್ಲಿ ಅರ್ಜಿಯ ಸ್ಥಿತಿಯನ್ನು ಎಂದಿನಂತೆ ತಿಳಿಯಬಹುದು.

5. ಇಷ್ಟಾದರೂ ಸೂಚನೆಗಳು ನಿಲ್ಲದಿದ್ದರೆ, ಬ್ರೌಸರ್‌ನ 'ಎಕ್ಸ್‌ಟೆನ್ಶನ್ಸ್' ಪಟ್ಟಿಯಲ್ಲಿರುವ ಅಪರಿಚಿತ ತಂತ್ರಾಂಶಗಳನ್ನು ತೆಗೆದುಹಾಕಬೇಕು. ಒಂದಕ್ಕಿಂತ ಹೆಚ್ಚು ಬ್ರೌಸರ್‌ಗಳಿದ್ದಲ್ಲಿ ಪ್ರತಿಯೊಂದರಲ್ಲಿಯೂ ಪಟ್ಟಿಯನ್ನು ಪರಿಶೀಲಿಸಬೇಕು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ರಾಜ್ಯ ಸರ್ಕಾರದ ಸೇವಾ ಸಿಂಧು, ನಾಡಕಚೇರಿ ಮುಂತಾದ ಜಾಲತಾಣಗಳ ವಿಳಾಸವು 'ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್' ಎಂದು ಮುಗಿಯುತ್ತದೆ. ಹುಡುಕು ಪುಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತುವ ಬದಲು ಈ ವಿಳಾಸವನ್ನು ಖಚಿತಪಡಿಸಿಕೊಳ್ಳಬೇಕು. ಪರದೆಯ ಮೂಲೆಯ ಸೂಚನೆಯಲ್ಲಿ ಶುಲ್ಕ ಪಾವತಿಸಲು ತಿಳಿಸಿದ್ದರೆ ಪಾವತಿಸಬಾರದು. ಅರ್ಜಿಯ ಬಗ್ಗೆ ಸಂದೇಹವಿದ್ದಲ್ಲಿ ಸ್ವೀಕೃತಿ ಪತ್ರದೊಂದಿಗೆ ನಾಡಕಚೇರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

ಹಣ ಕಳೆದುಕೊಂಡಿದ್ದಲ್ಲಿ

ಮೊದಲಿಗೆ ಗಣಕಯಂತ್ರದ ಅಂತರ್ಜಾಲ ಸಂಪರ್ಕವನ್ನು ಕಡಿತಗೊಳಿಸಿ, ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬ್ಯಾಂಕಿಗೂ ತಿಳಿಸಿ ಖಾತೆಯ ವಹಿವಾಟನ್ನು ತಡೆಹಿಡಿಯಲು ಕೋರಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗನೆ ವರ್ಗಾಯಿಸುವುದರಿಂದ, ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಯುವ ಸಾಧ್ಯತೆ ಹೆಚ್ಚು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ಹತ್ತಿರದ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ಸೂಚನೆಯ ಚಿತ್ರ, ಜಾಲತಾಣದ ವಿಳಾಸ, ಕರೆ ಬಂದ ಸಂಖ್ಯೆ ಹಾಗೂ ಹಣ ವರ್ಗಾವಣೆಯ ಉಲ್ಲೇಖ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಂಡಿರಬೇಕು. ಗಣಕಯಂತ್ರ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಡಿ ಅನ್ವಯ 3 ವರ್ಷಗಳವರೆಗಿನ ಕಾರಾಗೃಹ ವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಪಡಿಸುವ ಅಪರಾಧವಾಗಿರುತ್ತದೆ. ದೂರು ನೀಡಲು ನಾಗರಿಕರು ಸಂಕೋಚಪಡುವ ಅಗತ್ಯವಿಲ್ಲ.